ನಾಲ್ಕನೆಯ ಮೋಟರಿಗೆ ಹಾಕಿದ ಎಣ್ಣೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಅಕ್ಕನ ಡ್ರೋನ್ ಮತ್ತಿಮರಕ್ಕೆ ಬಡಿದು ಬಿದ್ದಾಗ ಗಾಳಿ ಇರಲಿಲ್ಲ, ಬ್ಯಾಟರಿ ಮುಗಿದಿರಲಿಲ್ಲ, ಕಾಗೆ ಅಡ್ಡ ಬಂದಿರಲಿಲ್ಲ. ಈ ಮೂರನ್ನೂ ನಾನು ಬೇರೆ ಬೇರೆಯವರ ಹತ್ತಿರ ಹೇಳಿದ್ದೇನೆ. ಕಾಗೆಯ ಕತೆಯನ್ನಂತೂ ಕಾಗೆಯ ದನಿಯ ಸಮೇತ ಹೇಳಿದ್ದೇನೆ. ನಿಜ ಏನೆಂದರೆ, ಡ್ರೋನ್ ಆಕಾಶದಲ್ಲಿದ್ದಾಗ ರಿಮೋಟ್ ನನ್ನ ಕೈಯಲ್ಲಿತ್ತು ಮತ್ತು ನಾನು ಕಣ್ಣು ಮುಚ್ಚಿಕೊಂಡಿದ್ದೆ.

ಕಣ್ಣು ಮುಚ್ಚಿದ್ದಕ್ಕೆ ಕಾರಣ ಇದೆ. ನಾನು ಜನರ ದನಿ, ನಡಿಗೆ, ಕೆಮ್ಮು ಎಲ್ಲವನ್ನೂ ಅನುಕರಿಸುವವನು. ಊರಿನ ಗಣೇಶೋತ್ಸವದ ವೇದಿಕೆಯಲ್ಲಿ ಚಪ್ಪಾಳೆ ಗಿಟ್ಟಿಸಿದ್ದೇನೆ, ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರರ ಎದುರಿಗೇ ಕಂಡಕ್ಟರರಾಗಿ ಬೈಸಿಕೊಂಡಿದ್ದೇನೆ. ಹೀಗಿರುವಾಗ ಅಕ್ಕನನ್ನು ಬಿಡುವುದು ಹೇಗೆ? ಅಕ್ಕ ಎಂದರೆ ದೊಡ್ಡಪ್ಪನ ಮಗಳು, ಸಿದ್ದಾಪುರದಲ್ಲಿ ಸಣ್ಣದೊಂದು ಸ್ಟುಡಿಯೋ ಇಟ್ಟಿದ್ದಾಳೆ. ಡ್ರೋನ್ ಹಾರಿಸುವಾಗ ಅವಳು ಕೆಳತುಟಿ ಮುಂದೆ ಮಾಡಿ, ಕತ್ತು ಓರೆ ಮಾಡಿ, ಕಣ್ಣು ಕಿರಿದು ಮಾಡಿಕೊಂಡು ನಿಲ್ಲುತ್ತಾಳೆ. ನಮ್ಮ ಕಸುಬಿನ ನಿಯಮ ಏನೆಂದರೆ, ಇದ್ದದ್ದನ್ನು ಒಂದಿಷ್ಟು ಹೆಚ್ಚು ಮಾಡಿ ತೋರಿಸಬೇಕು. ಅವಳು ಕಿರಿದು ಮಾಡುವ ಕಣ್ಣನ್ನು ನಾನು ಪೂರ್ತಿ ಮುಚ್ಚಿದೆ.

ಆ ದಿನ ನಾವು ತ್ಯಾಗಲಿ ಕಡೆಯ ದೊಡ್ಡಪ್ಪನ ಮನೆಯಲ್ಲಿದ್ದೆವು. ಭತ್ತ ಕೊಯ್ದು ಖಾಲಿಯಾದ ಗದ್ದೆಯ ಮೇಲೆ ಅಕ್ಕ ಡ್ರೋನ್ ಹಾರಿಸಿ ಅಭ್ಯಾಸ ಮಾಡುತ್ತಿದ್ದಳು. ಅಷ್ಟರಲ್ಲಿ ಅವಳಿಗೆ ಫೋನ್ ಬಂತು. ನಮ್ಮಲ್ಲಿ ಫೋನ್ ಹೇಗೋ ರಿಂಗಾದರೂ ಮಾತಾಡಬೇಕೆಂದರೆ ಸಿಗ್ನಲ್ ಸಿಗುವ ಕಲ್ಲಿನ ಮೇಲೆ ಹೋಗಿ ನಿಲ್ಲಬೇಕು. ಡ್ರೋನನ್ನು ಗಾಳಿಯಲ್ಲಿ ನಿಲ್ಲಿಸಿ, ರಿಮೋಟನ್ನು ನನ್ನ ಕೈಯಲ್ಲಿಟ್ಟು, “ಸುಮ್ಮನೆ ಹಿಡ್ಕ. ಎಂತದೂ ಒತ್ತಲೆ ಹೋಗಡ,” ಎಂದು ಹೇಳಿ ಅವಳು ಕಲ್ಲಿನ ಕಡೆ ನಡೆದಳು. ಅಂಗಳದ ತುದಿಯಲ್ಲಿ ದೊಡ್ಡಮ್ಮ ಅಡಿಕೆ ಆರಿಸುತ್ತ ಕೂತಿದ್ದಳು. ನಗಿಸಲು ಒಬ್ಬರು ಸಿಕ್ಕರೆ ನನಗೆ ಸಾಕು. ತುಟಿ ಮುಂದೆ ಮಾಡಿದೆ, ಕತ್ತು ಓರೆ ಮಾಡಿದೆ, ಕಣ್ಣು ಮುಚ್ಚಿದೆ, ಅಕ್ಕನ ದನಿಯಲ್ಲಿ “ಆಯಿ, ನೀ ಒಂಚೂರು ಆಚೆ ಸರಿ, ಫ್ರೇಮಲ್ಲಿ ಬತ್ತಾ ಇದ್ದೆ,” ಎಂದೆ. ದೊಡ್ಡಮ್ಮ ನಕ್ಕಳು. ನಾನು ಹುರುಪಿನಲ್ಲಿ ಹೆಬ್ಬೆರಳನ್ನೂ ಆಡಿಸಿದೆ.

ಟಪ್ ಎಂದು ಸದ್ದಾಯಿತು. ಆಮೇಲೆ ಕೊಂಬೆಯಿಂದ ಕೊಂಬೆಗೆ ಏನೋ ಇಳಿದು ಬಂದು ಕೆಮ್ಮಣ್ಣಿನ ದಾರಿಯ ಮೇಲೆ ಬಿತ್ತು. ಬಿದ್ದ ಮೇಲೂ ಹುಡಿ ಹಾರಿಸಿಕೊಂಡು ಒಂದು ಸುತ್ತು ಹೊರಳಿತು.

ಅಕ್ಕ ಓಡಿ ಬಂದಳು.

“ಎಂತಾತಾ?”

“ಗಾಳಿ ಬಂತೇ ಅಕ್ಕಾ.”

“ಗಾಳಿ ಎಲ್ಲಿತ್ತಾ?” ಎಂದಳು ದೊಡ್ಡಮ್ಮ, ಅಡಿಕೆಯಿಂದ ತಲೆ ಎತ್ತದೆ. “ಒಂದು ಎಲೆ ಅಳ್ಳಾಡಿದ್ದಿಲ್ಲೆ. ಇಂವ ಕಣ್ಣು ಮುಚ್ಕ್ಯಂಡಿದ್ದಿದ್ದ.”

ನಗಿಸಿದವನ ಮೇಲೆ ಸಾಕ್ಷಿ ಹೇಳುವ ಪ್ರೇಕ್ಷಕರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಅಕ್ಕ ಬೈಯಲಿಲ್ಲ. ಡ್ರೋನನ್ನು ಎತ್ತಿ ದುಪಟ್ಟಾದಲ್ಲಿ ಸುತ್ತಿಕೊಂಡಳು. ಫೋನ್ ಬಂದದ್ದು ಯಲ್ಲಾಪುರ ತಾಲ್ಲೂಕಿನ ಒಂದು ಮದುವೆಮನೆಯಿಂದ. ಆ ಮದುವೆಯ ಕೆಲಸ ಅವಳಿಗೆ ಖಾಯಂ ಆಗಿತ್ತು. ಅಲ್ಲಿಯವರೆಗೆ ಅವಳು ಬೇರೆಯವರ ಸ್ಟುಡಿಯೋ ಜೊತೆಗೆ ಹೋಗಿ, ಹೆಂಗಸರ ಬದಿಯ ಫೋಟೋ ಮಾತ್ರ ತೆಗೆದು ಬರುತ್ತಿದ್ದಳು. ಒಬ್ಬಳೇ ಜವಾಬ್ದಾರಿ ಹೊತ್ತು ಮಾಡುವ ಮೊದಲ ಮದುವೆ ಇದು. ಮದುಮಗಳ ಅಪ್ಪನಿಗೆ ಅನುಮಾನವಿತ್ತಂತೆ. “ಹೆಣ್ಣು ಕೂಸು ಒಂದೇಯ ಬಂದು ಎಲ್ಲ ಸುಧಾರಿಸ್ತನಾ?” ಎಂದು ಕೇಳಿದ್ದರಂತೆ. ಮದುಮಗಳು ಹಟ ಹಿಡಿದು ಒಪ್ಪಿಸಿದ್ದಳು. ಅವಳು ಕೇಳಿಕೊಂಡಿದ್ದು ಒಂದೇ: ಬೆಳಿಗ್ಗೆ ವರನ ದಿಬ್ಬಣ ಗದ್ದೆಬಯಲು ದಾಟಿ ಮನೆಗೆ ಬರುವುದನ್ನು ಮೇಲಿನಿಂದ ತೆಗೆಯಬೇಕು. ಊಟದ ಪಂಕ್ತಿ ತಪ್ಪಿದರೆ ಇನ್ನೊಂದು ಪಂಕ್ತಿ ಇರುತ್ತದೆ. ದಿಬ್ಬಣ ಇನ್ನೊಮ್ಮೆ ಬಾ ಎಂದರೆ ಬರುವುದಿಲ್ಲ.

“ಆನು ಸರಿ ಮಾಡಿ ಕೊಡ್ತೆ,” ಎಂದೆ. ನಮ್ಮ ಮಾತಿನಲ್ಲಿ ಆನು ಎಂದರೆ ನಾನು.

ಅಕ್ಕ ನನ್ನನ್ನು ನೋಡಿದ ರೀತಿಯನ್ನು ನಾನು ಇನ್ನೂ ಸರಿಯಾಗಿ ಅನುಕರಿಸಲು ಕಲಿತಿಲ್ಲ.

ರೆಕ್ಕೆಗಳು ಮುರಿದಿದ್ದವು, ಅವಕ್ಕೆ ಬದಲಿ ಇತ್ತು. ಕ್ಯಾಮೆರಾ ಪುಣ್ಯಕ್ಕೆ ಉಳಿದಿತ್ತು. ತೊಂದರೆ ಇದ್ದದ್ದು ಎಡಗಡೆ ಮುಂದಿನ ತೋಳಿನ ಮೋಟರಿನಲ್ಲಿ. ಉಳಿದ ಮೂರು ಮೋಟರುಗಳನ್ನು ಬೆರಳಲ್ಲಿ ತಿರುಗಿಸಿದರೆ ಒಳಗಿನ ಅಯಸ್ಕಾಂತ ಸಣ್ಣಗೆ ತಡೆತಡೆದು ಬಿಡುವುದು ಗೊತ್ತಾಗುತ್ತಿತ್ತು. ನಾಲ್ಕನೆಯದು ಮಾತ್ರ ಕರಕರ ಎನ್ನುತ್ತಿತ್ತು, ಹಲ್ಲಿಗೆ ಕಲ್ಲು ಸಿಕ್ಕ ಹಾಗೆ. ಆನ್ ಮಾಡಿದರೆ ಮೂರು ಹಾಡುತ್ತಿದ್ದವು, ಅದೊಂದು ಬಿಕ್ಕುತ್ತಿತ್ತು. ಮೋಟರಿಗೆ ಏನೋ ಅಡ್ಡವಾಗಿದೆ ಎಂದು ಮೊಬೈಲಿನ ಪರದೆ ಕೆಂಪಕ್ಷರದಲ್ಲಿ ಹೇಳುತ್ತಿತ್ತು. ಹೊಸ ಮೋಟರ್ ತರಿಸಿದರೆ ಅದು ಬರುವ ಹೊತ್ತಿಗೆ ಮದುಮಗಳು ಗಂಡನ ಮನೆಯಲ್ಲಿರುತ್ತಾಳೆ. ಹುಬ್ಬಳ್ಳಿಯಲ್ಲಿ ರಿಪೇರಿ ಅಂಗಡಿಯೊಂದಿತ್ತು. ಸಿಗ್ನಲ್ ಕಲ್ಲಿನ ಮೇಲೆ ನಿಂತು ಫೋನ್ ಮಾಡಿದೆ.

“ಸಪ್ಪಳ ಹ್ಯಾಂಗ ಬರತೈತ್ರಿ?” ಎಂದು ಅಂಗಡಿಯವರು ಕೇಳಿದರು.

ಇಂಥ ಪ್ರಶ್ನೆ ನನಗೆ ಕೇಳಬಾರದು. ಗಂಟಲಿನ ಆಳದಿಂದ ಆ ಕರಕರ ತೆಗೆದೆ, ನಡುನಡುವೆ ಬಿಕ್ಕಿದೆ, ಕೊನೆಗೆ ಮೋಟರ್ ಸೋತು ನಿಲ್ಲುವ ಕುಂಯ್ ಎಂಬುದನ್ನೂ ಬಿಡಲಿಲ್ಲ.

ಆ ಕಡೆ ಸ್ಪ್ಯಾನರ್ ಕೆಳಗಿಟ್ಟ ಸದ್ದು ಕೇಳಿತು. ಆಮೇಲೆ, “ರೀ, ಫೋನ್ ತಗೊಂಡು ಮೋಟಾರಿನ ಬಾಜೂಕ ಹಿಡೀರಿ. ನೀವ್ಯಾಕ ಒದರಾಕತ್ತೀರಿ?”

“ಮೋಟರ್ ಮನೆಯಲ್ಲಿದೆ, ಸಿಗ್ನಲ್ ಇಲ್ಲಿದೆ ಸರ್.”

“ಹಂಗೇನು? ಮತ್ತೊಮ್ಮೆ ಮಾಡ್ರಿ ಹಂಗಾರ. ತಡೀರಿ, ಸ್ಪೀಕರ್ ಹಾಕ್ತೀನಿ, ನಮ್ಮವ್ರೂ ಕೇಳ್ಲಿ.”

ಮಾಡಿದೆ. ಅಂಗಡಿಯಲ್ಲಿ ಎಲ್ಲರೂ ನಕ್ಕಿದ್ದು ಕೇಳಿಸಿತು. ಎರಡನೆಯ ಸಲಕ್ಕೆ ನಾನು ಕಲೆ ಸ್ವಲ್ಪ ಹೆಚ್ಚು ತೋರಿಸಿದ್ದೆ ಎಂದು ಕಾಣುತ್ತದೆ. ಅವರು, “ಈಗ ಮಾಡಿದ್ದು ಲಾರಿ ಆತ್ರಿ, ಮೊದಲ ಮಾಡಿದ್ದು ಮೋಟಾರು,” ಎಂದು ತಿದ್ದಿದರು. ಆಮೇಲೆ ಸರಿಯಾಗಿಯೇ ಹೇಳಿಕೊಟ್ಟರು. “ಮಣ್ಣು ಹೊಕ್ಕೈತಿ. ನಿಮ್ಮ ಕಡಿ ಕೆಂಪ ಮಣ್ಣಿನ್ಯಾಗ ಕಬ್ಬಿಣದ ಅಂಶ ಇರತೈತಿ, ಮ್ಯಾಗ್ನೆಟ್ಟಿಗೆ ಹಿಡಕೊಂಡ್ರ ಬಿಡಂಗಿಲ್ಲ. ಬಿಚ್ಚಿ ಸ್ವಚ್ಛ ಮಾಡ್ರಿ. ಆಮ್ಯಾಲೆ ಬೇರಿಂಗಿಗೆ ಹೊಲಿಗಿ ಮಷಿನ್ ಎಣ್ಣಿ ಒಂದ ಹನಿ. ಒಂದ ಹನಿ ಅಂದ್ರ ಒಂದ.”

ಮನೆಗೆ ಬಂದು ಜಗುಲಿಯ ಮೇಲೆ ಬಿಳಿ ಪಂಚೆ ಹಾಸಿದೆ. ಆಪರೇಷನ್ ಥಿಯೇಟರಿನ ಡಾಕ್ಟರರ ದನಿಯಲ್ಲಿ “ಕತ್ತರಿ,” “ಚಿಮಟ,” ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಕೆಲಸ ಶುರು ಮಾಡಿದೆ. ಮೋಟರಿನ ಮೇಲಿನ ಬಟ್ಟಲನ್ನು ಕೆಳಗಿನಿಂದ ಹಿಡಿದಿಟ್ಟಿರುವುದು ಒಂದು ಉಕ್ಕಿನ ಉಂಗುರ. ಬಾಯಿ ಸ್ವಲ್ಪ ತೆರೆದ, ಸಾಸಿವೆಗಿಂತ ತುಸು ದೊಡ್ಡದಾದ ಉಂಗುರ. ಚಿಮಟದಲ್ಲಿ ಮೀಟಿದೆ. ಟಿಣ್ ಎಂದು ಹಾರಿತು.

ಜಗುಲಿ ಗುಡಿಸಿದೆ. ಅಂಗಳ ಗುಡಿಸಿದೆ. ದೊಡ್ಡಮ್ಮ ಆರಿಸಿಟ್ಟ ಅಡಿಕೆಯನ್ನೆಲ್ಲ ಮತ್ತೆ ಹರವಿ ಹುಡುಕಿ, ಅವಳಿಂದ ಒಳ್ಳೆಯ ಅಡಿಕೆ ಕೆಟ್ಟ ಅಡಿಕೆ ಬೆರೆಸಿದ್ದಕ್ಕೆ ಬೈಸಿಕೊಂಡೆ. ದೊಡ್ಡಪ್ಪ ಹಾದು ಹೋಗುವಾಗ ಅವರ ಅಂಗಾಲು ಎತ್ತಿಸಿ ನೋಡಿದೆ. ಸಂಜೆಯ ಚಹಾ ಹೊತ್ತಿಗೆ ಸೋತು ಕೂತು ಮೋಟರಿನ ಬಟ್ಟಲನ್ನು ಕೈಗೆ ತೆಗೆದುಕೊಂಡರೆ, ಉಂಗುರ ಅದರ ಒಳಗಿನ ಅಯಸ್ಕಾಂತಕ್ಕೆ ಅಂಟಿ ಕೂತಿತ್ತು. ಅದು ಮನೆ ಬಿಟ್ಟು ಹೋಗಿಯೇ ಇರಲಿಲ್ಲ.

ಒಳಗೆ ತಾಮ್ರದ ಸುರುಳಿ ಸುಟ್ಟಿರಲಿಲ್ಲ. ಬಟ್ಟಲಿನ ನಡುವಿನ ಕಡ್ಡಿ ಬಾಗಿರಲಿಲ್ಲ, ಕನ್ನಡಿಯ ಮೇಲೆ ಉರುಳಿಸಿ ನೋಡಿದೆ. ಅಯಸ್ಕಾಂತಗಳಿಗೆ ಮಾತ್ರ ಕಪ್ಪು ಹುಡಿ ನಾಲ್ಕು ದಿನದ ಗಡ್ಡದಂತೆ ಬೆಳೆದಿತ್ತು. ಊದಿದೆ, ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದೆ. ಈ ಬದಿಯಿಂದ ಎದ್ದದ್ದು ಆ ಬದಿಗೆ ಹೋಗಿ ಕೂತಿತು. ಕೊನೆಗೆ ದೊಡ್ಡಪ್ಪನ ಜೇನುಪೆಟ್ಟಿಗೆಯ ಮೇಣ ನೆನಪಾಯಿತು. ಮೇಣವನ್ನು ಬೆರಳಲ್ಲಿ ನಾದಿ ಮೆತ್ತಗೆ ಮಾಡಿ, ಒತ್ತಿ ಒತ್ತಿ ತೆಗೆದೆ. ಗಡ್ಡ ಪೂರ್ತಿ ಬಂತು. ಇದೊಂದು ಮಾತ್ರ ನನ್ನ ತಲೆಯಿಂದ ಹುಟ್ಟಿದ ಒಳ್ಳೆಯ ಬುದ್ಧಿ, ಆದ್ದರಿಂದ ಇಲ್ಲಿ ಒಂದು ಸಾಲು ಹೆಚ್ಚು ಬರೆಯುತ್ತಿದ್ದೇನೆ.

ಇನ್ನು ಎಣ್ಣೆ. ಹೊಲಿಗೆ ಮಷಿನ್ ಎಣ್ಣೆ ಮನೆಯಲ್ಲಿರಲಿಲ್ಲ. ಅದಕ್ಕಾಗಿ ಪೇಟೆಗೆ ಹೋಗಬೇಕಿತ್ತು, ನನಗೆ ಆಲಸ್ಯ. ನಮ್ಮ ಮನೆಗಳಲ್ಲಿ ಬಾಗಿಲು ಕಿರುಗುಟ್ಟಿದರೆ, ಮಗು ಅತ್ತರೆ, ಕೈ ಸುಟ್ಟರೆ, ಕೀಲಿ ತಿರುಗದಿದ್ದರೆ ಒಂದೇ ಬಾಟಲಿ ಬರುತ್ತದೆ. ಮರುದಿನ ಮಧ್ಯಾಹ್ನದ ಬಿಸಿಲಿಗೆ ಅಡುಗೆಮನೆಯ ಕಿಟಕಿಯಲ್ಲಿ ಕೊಬ್ಬರಿ ಎಣ್ಣೆ ತಿಳಿನೀರಿನಂತೆ ಹೊಳೆಯುತ್ತಿತ್ತು. ಒಂದು ಹನಿ ಹಾಕಿದೆ. ಮೋಟರ್ ಎಷ್ಟು ಹಗುರಾಗಿ ತಿರುಗಿತೆಂದರೆ, ಒಂದು ಹನಿಗೇ ಹೀಗಾದರೆ ಇನ್ನಷ್ಟು ಹಾಕಿದರೆ ಹೇಗಿರಬಹುದು ಎನ್ನಿಸಿತು. ಹಾಕಿದೆ.

ಬಿಸಿಲಲ್ಲಿ ಹಾರಿಸಿದೆವು. ಅಕ್ಕನೇ ಹಾರಿಸಿದಳು, ನನ್ನನ್ನು ರಿಮೋಟಿನಿಂದ ಗದ್ದೆಯಷ್ಟು ದೂರ ನಿಲ್ಲಿಸಿ. ನಾಲ್ಕೂ ಮೋಟರು ಒಂದೇ ಶ್ರುತಿ. ಇಳಿಸಿದ ಮೇಲೆ ಅವಳು ಮೊದಲ ಸಲ ನಕ್ಕಳು.

“ಅಡ್ಡಿಲ್ಲೆ ಮಾರಾಯಾ. ಎಣ್ಣೆ ಯಾವುದು ಹಾಕ್ದೆ?”

“ಅಂವ ಹೇಳಿದ್ದೇಯ,” ಎಂದೆ, ಹುಬ್ಬಳ್ಳಿಯವರ ದನಿಯಲ್ಲಿ “ಒಂದ ಹನಿ ಅಂದ್ರ ಒಂದ,” ಎಂದೂ ಸೇರಿಸಿದೆ. ಅವಳು ಮತ್ತೆ ನಕ್ಕಳು. ಹೀಗೆ ಒಂದು ಸುಳ್ಳನ್ನು ಇನ್ನೊಬ್ಬರ ದನಿಯಲ್ಲಿ ಹೇಳಿದರೆ ಅದು ಅರ್ಧ ಸುಳ್ಳಾಗುತ್ತದೆ ಎಂದು ನಾನು ನಂಬಿದ್ದ ಕಾಲ ಅದು.

ಮದುವೆಯ ಹಿಂದಿನ ಸಂಜೆ ಯಲ್ಲಾಪುರ ದಾಟಿ ಮದುವೆಮನೆ ಸೇರಿದೆವು. ಮದುಮಗಳ ಅಪ್ಪ ಚಪ್ಪರದ ಕೆಳಗೆ ನಿಂತು ಎಲ್ಲರಿಗೂ ಕೆಲಸ ಹಂಚುತ್ತಿದ್ದರು. ಅವರ ದನಿ ವಿಶೇಷದ್ದು. ಮೂಗಿನಿಂದ ಹೊರಟು, ಗಂಟಲಿಗೆ ಇಳಿದು, ಪ್ರತಿ ಮಾತಿನ ಕೊನೆಗೆ “ಗೊತ್ತಾತಾ?” ಎಂದು ಮುಗಿಯುವುದು. ಚಹಾ ಕುಡಿಯುವಷ್ಟರಲ್ಲಿ ನನಗೆ ಅದು ಬಾಯಿಪಾಠ. ಅವರು ಅಕ್ಕನ ಬಳಿ ಬಂದು, “ಕೂಸೆ, ದಿಬ್ಬಣ ತಪ್ಪಲಾಗ. ಮಗಳು ಅದೊಂದನ್ನೇ ಕೇಳಿದ್ದು. ಗೊತ್ತಾತಾ?” ಎಂದರು. ಅಕ್ಕ ತಲೆಯಾಡಿಸಿದಳು. ಅವಳ ಬೆರಳು ಕ್ಯಾಮೆರಾ ಚೀಲದ ಜಿಪ್ಪನ್ನು ಸುಮ್ಮನೆ ಎಳೆಯುತ್ತ ಬಿಡುತ್ತ ಇತ್ತು.

ತುಳಸಿ ಮದುವೆ ಕಳೆದ ಮೇಲಿನ ದಿನಗಳು. ಬೆಳಗಿನ ಚಳಿಗೆ ಚಪ್ಪರದವರು ಕಿವಿಗೆ ಮಫ್ಲರ್ ಸುತ್ತಿಕೊಂಡಿದ್ದರು. ಗದ್ದೆಬಯಲಿನ ಮಂಜು ಎದ್ದು ಬಿಸಿಲು ಆಗಷ್ಟೇ ಇಳಿಯುತ್ತಿತ್ತು, ಅಕ್ಕ ಬಯಸಿದಂಥದೇ ಬೆಳಕು. ದಿಬ್ಬಣದ ಬಸ್ಸು ಮುಖ್ಯ ರಸ್ತೆ ಬಿಟ್ಟಿದೆ ಎಂಬ ಸುದ್ದಿ ಬಂತು. ಅಕ್ಕ ಡ್ರೋನನ್ನು ಅಂಗಳದ ಚಾಪೆಯ ಮೇಲಿಟ್ಟು ಚಾಲೂ ಮಾಡಿದಳು. ಮೂರು ಮೋಟರು ಹಾಡಿದವು. ನಾಲ್ಕನೆಯದು ಒಮ್ಮೆ ನಡುಗಿ, ಬಿಕ್ಕಿ, ಕುಂಯ್ ಎಂದು ನಿಂತಿತು. ಕೆಂಪಕ್ಷರ.

ಮತ್ತೆ ಮಾಡಿದಳು. ಮತ್ತೆ ಕುಂಯ್.

“ನಿನ್ನೆ ಮಧ್ಯಾಹ್ನ ಸರಿ ಇತ್ತಲ,” ಎಂದಳು. ನನಗಲ್ಲ, ಡ್ರೋನಿಗೆ ಹೇಳಿದಳು.

ನಾನು ಕೈ ತೊಳೆಯುವ ನೆಪದಲ್ಲಿ ಬಚ್ಚಲಮನೆಗೆ ಹೋದೆ. ಅಲ್ಲಿ ದೊಡ್ಡ ಹಂಡೆಯ ಒಲೆಯ ಮುಂದೆ ಮದುಮಗಳ ಅಜ್ಜಿ ಕುಕ್ಕರುಗಾಲಲ್ಲಿ ಕೂತು, ಎಣ್ಣೆಯ ಬಾಟಲಿಯನ್ನು ಬೆಂಕಿಗೆ ಹಿಡಿದು ತಿರುಗಿಸುತ್ತಿದ್ದರು. ಬಾಟಲಿಯೊಳಗೆ ಎಣ್ಣೆ ಬೆಳ್ಳಗೆ ಮೇಣದಂತೆ ಗಟ್ಟಿಯಾಗಿತ್ತು.

“ನಿಲ್ಲು ತಮಾ,” ಎಂದರು, ನಾನು ಎಣ್ಣೆಗೇ ಬಂದವನೆಂದುಕೊಂಡು. “ಈ ಚಳಿಗೆ ಹೆಪ್ಪು ಹಿಡದು ಕೂತಿದ್ದು. ಕರಗದೇ ಒಂದು ಹನಿಯೂ ಬತ್ತಿಲ್ಲೆ.”

ಹುಟ್ಟಿದಾಗಿನಿಂದ ಪ್ರತಿ ಚಳಿಗಾಲ ನೋಡಿದ್ದು ಇದು. ಬಾಟಲಿಗೆ ಕಡ್ಡಿ ಹಾಕಿ ಕೆದಕಿ ತಲೆಗೆ ಹಚ್ಚಿಕೊಂಡವನು ನಾನು. ತಲೆಗೆ ಹಚ್ಚಿದ್ದು ಒಳಗೆ ಇಳಿದಿರಲಿಲ್ಲ ಅಷ್ಟೇ.

ಅಕ್ಕನ ಹತ್ತಿರ ಓಡಿ ಹೋಗಿ ಒಂದೇ ಉಸಿರಿಗೆ ಹೇಳಿದೆ. “ಅಕ್ಕಾ, ಆನು ಮಷಿನ್ ಎಣ್ಣೆ ಹಾಕಿದ್ದಲ್ಲ. ಕೊಬ್ಬರಿ ಎಣ್ಣೆ ಹಾಕಿದ್ದಿ. ಒಂದು ಹನಿಯೂ ಅಲ್ಲ.”

ಅವಳು ಕಣ್ಣು ಕಿರಿದು ಮಾಡಿದಳು. ಆಗಲೂ ಬೈಯಲಿಲ್ಲ. ಬ್ಯಾಟರಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡು, ಡ್ರೋನನ್ನು ಎತ್ತಿಕೊಂಡು ಸೀದಾ ಬಚ್ಚಲಮನೆಗೆ ನಡೆದಳು. ಒಲೆಯಿಂದ ಒಂದು ಮೊಳ ದೂರದಲ್ಲಿ ಆ ತೋಳನ್ನು ಬೆಂಕಿಯ ಕಡೆ ಮಾಡಿ ಹಿಡಿದು ಕೂತಳು. ಬೆರಳಲ್ಲಿ ಮೋಟರನ್ನು ತಿರುಗಿಸುತ್ತ, ಬಿಸಿ ಹೆಚ್ಚಾದರೆ ಹಿಂದೆ ಸರಿಯುತ್ತ, ಕಡಿಮೆಯಾದರೆ ಮುಂದೆ ತರುತ್ತ.

ಅಜ್ಜಿ ಬಾಟಲಿ ಕೆಳಗಿಟ್ಟು ನೋಡಿದರು. “ಇದೆಂತದೇ ಕೂಸೆ?”

“ಇದಕ್ಕೆ ಎಣ್ಣೆ ಹಚ್ಚಿದ್ದ ಅಜ್ಜೀ, ಇಂವ.”

“ಒಳ್ಳೇದಾತು. ಹಂಡೇಲಿ ನೀರು ಕಾದಿದ್ದು, ಮೀಸಿಯೇ ಕಳ್ಸು.”

ಅಷ್ಟರಲ್ಲಿ ಹೊರಗಿನಿಂದ ಕೂಗು ಬಂತು, ಬಸ್ಸು ತಿರುವಿಗೆ ಬಂದು ನಿಂತಿದೆ, ದಿಬ್ಬಣ ಇಳಿಯುತ್ತಿದೆ ಎಂದು. ತಿರುವಿನಿಂದ ಮನೆಗೆ ಗದ್ದೆಬಯಲಿನ ದಾರಿ, ಅದನ್ನೇ ತೆಗೆಯಬೇಕಾದದ್ದು. ಅಕ್ಕ ಬೆಂಕಿಯಿಂದ ಕಣ್ಣು ತೆಗೆಯದೆ, “ಇನ್ನೊಂಚೂರು ಹೊತ್ತು ಬೇಕು,” ಎಂದಳು.

ನಾನು ಜಗುಲಿಗೆ ಬಂದೆ. ಅಲ್ಲಿ ಮದುವೆಮನೆಯ ಸ್ಥಿರವಾಣಿ ಫೋನಿತ್ತು. ಪಕ್ಕದ ಕ್ಯಾಲೆಂಡರಿನ ಅಂಚಿನಲ್ಲಿ ವರನ ಸೋದರಮಾವನ ನಂಬರು ಬರೆದಿತ್ತು. ದಿಬ್ಬಣದ ಹಿರಿಯರು ಅವರೇ. ನನಗೆ ಇದ್ದ ವಿದ್ಯೆ ಒಂದೇ. ನಂಬರು ಒತ್ತಿ, ಮೂಗಿನಿಂದ ಹೊರಡಿಸಿ ಗಂಟಲಿಗೆ ಇಳಿಸಿ, ಮದುಮಗಳ ಅಪ್ಪನ ದನಿಯಲ್ಲಿ ಹೇಳಿದೆ.

“ಭಾವಾ, ಆನು ಮಾತಾಡದು. ಒಂದು ಕವಳ ಹಾಕುವಷ್ಟು ಹೊತ್ತು ಅಲ್ಲೇ ನಿಲ್ಲಿ. ಎದುರುಗೊಳ್ಳಲೆ ಬತ್ತಾ ಇದ್ಯ. ಗೊತ್ತಾತಾ?”

ಆ ಕಡೆ ಸೋದರಮಾವ ಯಾರಿಗೋ, “ಭಾವಾ, ನಿಂಗಳೇ ಫೋನ್ ಮಾಡಿದ್ದಿ ನೋಡಿ,” ಎಂದದ್ದು ಕೇಳಿಸಿತು. ಫೋನ್ ಕೈ ಬದಲಾಯಿತು.

“ಹಲೋ,” ಎಂದಿತು ಅಸಲಿ ದನಿ, ಮೂಗಿನಿಂದ ಹೊರಟು ಗಂಟಲಿಗೆ ಇಳಿದು. ಎದುರುಗೊಳ್ಳಲು ಅವರು ಆಗಲೇ ತಿರುವಿಗೆ ಹೋಗಿ ನಿಂತಿದ್ದರು. “ಇಲ್ಲಿ ಆನೇ ಮಾತಾಡ್ತಾ ಇದ್ದಿ. ನೀನು ಯಾವ ಆನು?”

ನಾನು ಗಾಬರಿಯಲ್ಲಿ ಅದೇ ದನಿಯಲ್ಲೇ “ರಾಂಗ್ ನಂಬರ್,” ಎಂದು ಹೇಳಿ ಫೋನ್ ಇಟ್ಟೆ. ಆಮೇಲೆ ನೆನಪಾಯಿತು, “ಗೊತ್ತಾತಾ?” ಎಂದೂ ಸೇರಿಸಿದ್ದೆ.

ಆದರೆ ಇದರಿಂದ ದಿಬ್ಬಣ ನಿಂತಿತು. ಇಬ್ಬರು ಹಿರಿಯರು ದಾರಿಯ ಬಾಯಿಯಲ್ಲೇ ನಿಂತು, ಯಾರು ಮಾಡಿದ್ದು, ನಂಬರು ಯಾವುದು, ಅರೆ ಇದು ನಮ್ಮ ಮನೆಯದೇ ಎಂದು ಚರ್ಚೆಗೆ ಇಳಿದರು. ಹಿರಿಯರು ನಿಂತ ಮೇಲೆ ವರ ನಿಂತ, ವರ ನಿಂತ ಮೇಲೆ ವಾಲಗದವರು ನಿಂತರು. ಎಲ್ಲರೂ ಎಲೆಯಡಿಕೆ ತೆಗೆದು ಒಂದೊಂದು ಕವಳ ಹಾಕಿದರು.

ಬಚ್ಚಲಮನೆಯಿಂದ ಅಕ್ಕ ಹೊರಗೆ ಬಂದಳು. ಹಣೆಯ ಮೇಲೆ ಬೂದಿ, ಕೈಯಲ್ಲಿ ಡ್ರೋನ್. ಸೋರಿದ ಎಣ್ಣೆಯನ್ನು ಒರೆಸಿ, ಬ್ಯಾಟರಿ ಹಾಕಿ, ಚಾಪೆಯ ಮೇಲಿಟ್ಟಳು. ಮೂರು ಹಾಡಿದವು. ನಾಲ್ಕನೆಯದು ಒಮ್ಮೆ ಕೆಮ್ಮಿ, ತಾನೂ ಹಾಡಿತು. ಎದ್ದಿತು. ಚಪ್ಪರ ದಾಟಿ, ಬಯಲಿನ ಮೇಲೆ ಹೋಗಿ ನಿಂತಿತು. ನಾನು ಅವಳ ಭುಜದ ಹಿಂದೆ ನಿಂತು ಪರದೆ ನೋಡುತ್ತಿದ್ದೆ, ಎರಡೂ ಕಣ್ಣು ಬಿಟ್ಟುಕೊಂಡು. ಕೆಳಗೆ ಕೊಯ್ದ ಗದ್ದೆಗಳ ಹೊಂಬಣ್ಣ, ಅದರ ನಡುವೆ ಸಣ್ಣ ದಾರಿ, ದಾರಿಯ ತುದಿಯಿಂದ ಬಣ್ಣ ಬಣ್ಣದ ಸೀರೆಗಳು, ಛತ್ರಿಯ ಕೆಳಗೆ ವರ. ಎಲ್ಲರಿಗಿಂತ ಮುಂದೆ ಇಬ್ಬರು ಹಿರಿಯರು, ಫೋನನ್ನು ಒಬ್ಬರಿಂದ ಒಬ್ಬರು ಇಸಿದುಕೊಳ್ಳುತ್ತ ಬರುತ್ತಿದ್ದರು. ದಿಬ್ಬಣ ಅಂಗಳಕ್ಕೆ ಬಂದ ಮೇಲೆ ಅಕ್ಕ ಡ್ರೋನನ್ನು ಇಳಿಸಿ, ಚಾಪೆಯ ಮೇಲೆ ಕೂತುಬಿಟ್ಟಳು.

ಊಟ ಮುಗಿದ ಮೇಲೆ ಮದುಮಗಳ ಅಪ್ಪ ಬಂದು ನೋಡಬೇಕೆಂದರು. ಅಕ್ಕ ತೋರಿಸಿದಳು. ಎರಡು ಸಲ ನೋಡಿದರು. ಎರಡನೆಯ ಸಲ ಕಣ್ಣು ಒರೆಸಿಕೊಂಡರು, ಅದಕ್ಕೆ ಹೊಗೆಯ ನೆಪ ಹೇಳಿದರು. “ವೈಶಾಖದಲ್ಲಿ ತಮ್ಮನ ಮಗನ ಉಪನಯನ ಇದ್ದು ಕೂಸೆ. ನೀನೇಯ ಬರವು.” ಆಮೇಲೆ ನನ್ನ ಕಡೆ ತಿರುಗಿ ಸುಮಾರು ಹೊತ್ತು ನೋಡಿದರು. “ಫೋನ್ ಮಾಡಿದ ಆನು ಇಂವನೇಯನಾ?”

ನಾನು ತಲೆ ಕೆರೆದುಕೊಂಡೆ.

“ಇಂವನ್ನೂ ಕರ್ಕಂಡು ಬಾ, ಅಡ್ಡಿಲ್ಲೆ,” ಎಂದು ಹೇಳಿ ಅವರು ಹೋದರು.

ಅಲ್ಲಿಗೆ ಸುಮ್ಮನಿರಬಹುದಿತ್ತು. ಅವರು ಚಪ್ಪರದ ಕಂಬ ದಾಟಿದ್ದೇ ನಾನು ಮೂಗಿನಿಂದ ಹೊರಡಿಸಿದೆ: “ಇಂವನ್ನೂ ಕರ್ಕಂಡು ಬಾ ಕೂಸೆ, ಇಂವ ಇಲ್ಲದಿದ್ರೆ ದಿಬ್ಬಣ ನಿಲ್ತಿತ್ತಿಲ್ಲೆ. ಗೊತ್ತಾತಾ?”

ಅಕ್ಕ ನಾಲ್ಕನೆಯ ಮೋಟರನ್ನು ದುಪಟ್ಟಾದ ತುದಿಯಲ್ಲಿ ಒರೆಸುತ್ತಿದ್ದಳು. ತಲೆ ಎತ್ತಲಿಲ್ಲ.

“ಉಳಿದ ಎಣ್ಣೆ ನಿನ್ನ ಬಾಯಿಗೆ ಹಾಕ್ಯ ತಮಾ. ಚಳಿಗಾಲ ಪೂರ್ತಿ ಆದ್ರೂ ಹೆಪ್ಪು ಹಿಡದು ಮುಚ್ಕ್ಯಂಡು ಇರ್ತು.”